ಅಕ್ಕನಿಗೆ ಕೊಟ್ಟ ನಡುಬಟ್ಟೆ

"ಇದನ್ನ ಹೊಚ್ಚಿಗೊಂಡ ಕುಂದ್ರಬೇಕೇನ ಸುಗಂದಿ?" ಎಂದು ಅಕ್ಕ ಕೇಳಿದಳು. ನಗುತ್ತಲೇ ಕೇಳಿದಳು. ಬಾಗಿಲ ಹಿಂದಿನ ಗೂಡಿನಿಂದ ನಾನು ಆಗಷ್ಟೇ ತೆಗೆದುಕೊಟ್ಟ ನಡುಬಟ್ಟೆ ಅವಳ ಕೈಯಲ್ಲಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅದರ ಮಡಿಕೆಯನ್ನು ಅವಳಿನ್ನೂ ಬಿಚ್ಚಿರಲಿಲ್ಲ.

"ಹೂಂ ಅಕ್ಕಾ, ಹೊಚ್ಚಿಗೊ," ಎಂದೆ.

ಅವತ್ತು ನಡೆದದ್ದು ಇಷ್ಟೇ. ಬೈಗುಳವಿಲ್ಲ, ಜಗಳವಿಲ್ಲ, ಯಾರೂ ಯಾರಿಗೂ ಬಾಗಿಲು ತೋರಿಸಲಿಲ್ಲ. ಎಂಟು ವರ್ಷದಿಂದ ಇದನ್ನು ನಾನು ಮನೆಯ ಹೊರಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ ನಮ್ಮೂರಿನವರು ನನ್ನ ಮುಖ ನೋಡಲಿಕ್ಕಿಲ್ಲ; ಬೇರೆ ಊರಿನವರಿಗೋ, ಅದರಲ್ಲಿ ತಪ್ಪೇನಾಯಿತೆಂದೇ ತಿಳಿಯಲಿಕ್ಕಿಲ್ಲ. ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಮುಂದಿನದನ್ನೆಲ್ಲ ಅಂಗಡಿಯವರು ಬೆಲ್ಲ, ಬೇಳೆ ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳನ್ನು ಬಿಡಿಸಿಕೊಂಡು ನಾನೇ ಕಲಿತೆ. ಹೇಳುವುದು ಎಲ್ಲಾದರೂ ಹಿಂದೆಮುಂದೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಊರಿನಲ್ಲಿ ಬಟ್ಟೆಯ ಮೇಲಿನ ಚಿತ್ತಾರ ಇದ್ದಲ್ಲಿ ಇರುವುದಿಲ್ಲ. ಹೂವಿನ ಸೀರೆಯವಳು ಪಟ್ಟೆ ಸೀರೆಯವಳ ಪಕ್ಕ ಮೈಗೆ ಮೈ ತಾಗಿಸಿ ಅರ್ಧ ದಿನ ಕೂತಳೆನ್ನಿ, ಏಳುವ ಹೊತ್ತಿಗೆ ಇವಳ ಎರಡು ಹೂವು ಅಲ್ಲಿ, ಅವಳ ಒಂದು ಗೆರೆ ಇಲ್ಲಿ. ಬಸ್ಸಿನಲ್ಲಿ ಅರ್ಧ ಗಂಟೆ ಒತ್ತಿಕೊಂಡು ಕೂತರೆ ಏನೂ ಆಗುವುದಿಲ್ಲ. ಒಂದು ಪೂರ್ತಿ ಸಿನಿಮಾ ನೋಡಿದರೆ ಒಂದು ಚುಕ್ಕೆ ದಾಟಬಹುದು, ದಾಟದೆಯೂ ಇರಬಹುದು. ಒಬ್ಬರ ಮೈಮೇಲೆಯೇ ಎರಡು ಚಿತ್ತಾರವಿದ್ದರಂತೂ ಸಂಜೆಯೊಳಗೆ ಅವು ಒಂದರ ಮನೆಗೊಂದು ಹೋಗಿ ಬಂದಾಗಿರುತ್ತದೆ. ಸಾದಾ ಬಟ್ಟೆ ಮಾತ್ರ ಯಾರದನ್ನೂ ತೆಗೆದುಕೊಳ್ಳುವುದಿಲ್ಲ, ತನ್ನದನ್ನು ಕೊಡಲು ಅದರಲ್ಲಿ ಏನೂ ಇಲ್ಲ.

ಹೀಗಾಗಿ ನಮ್ಮಲ್ಲಿ ಒಬ್ಬರ ಬಟ್ಟೆ ನೋಡಿದರೆ ಅವರು ಯಾರ ಪಕ್ಕದಿಂದ ಎದ್ದು ಬಂದರೆಂದು ಹೇಳಬಹುದು. ಮಾಸ್ತರರ ಅಂಗಿಯ ತೋಳಿನಲ್ಲಿ ಇಸ್ಪೀಟು ಮಂಡಳಿಯ ನಾಲ್ಕೂ ಮಂದಿಯ ಗೆರೆಗಳಿರುತ್ತವೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡಿರ ಲುಂಗಿ ಯಾವುದು, ಸೀರೆ ಯಾವುದು ಎಂದು ಅಗಸರವನು ಉದ್ದ ಅಳೆದೇ ತಿಳಿದುಕೊಳ್ಳಬೇಕು. ಬಟ್ಟೆ ಅಂಗಡಿಯವರು ಥಾನು ಥಾನಿನ ನಡುವೆ ಬಿಳಿ ಬಟ್ಟೆ ಇಡುತ್ತಾರೆ. ಅನುಕೂಲಸ್ಥರ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿತ್ತಾರ, ಒಂದೊಂದು ಕಪಾಟು. ಅಂಥವರು ಬಂದ ಅತಿಥಿಗಳಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ನಡುಬಟ್ಟೆ ಕೊಡುತ್ತಾರೆ. ಹೆಗಲಿನಿಂದ ಮೊಣಕಾಲಿನವರೆಗೆ ಬರುವ ಬಿಳಿಯ ಹೊದಿಕೆ ಅದು. ನಿಮ್ಮದು ನಿಮಗಿರಲಿ, ನಮ್ಮದು ನಮಗಿರಲಿ, ಆರಾಮಾಗಿ ಕೂತುಕೊಳ್ಳಿ ಎಂದು ಅದರ ಅರ್ಥ. ಪರರಿಗೆ ಕೊಟ್ಟರೆ ಅದು ಮರ್ಯಾದೆ. ಮನೆಯವರಿಗೆ, ರಕ್ತಸಂಬಂಧಿಗಳಿಗೆ ಅದನ್ನು ಕೊಡುವುದಿಲ್ಲ. ಕೊಡಬಾರದೆಂದು ಯಾರೂ ಹೇಳಿಕೊಡುವುದೂ ಇಲ್ಲ. ಊಟದ ತಟ್ಟೆಯಲ್ಲಿ ಕಾಲಿಡಬಾರದೆಂದು ಯಾರಾದರೂ ಹೇಳಿಕೊಡುತ್ತಾರೆಯೇ?

ನಾನೂ ಅಕ್ಕನೂ ಬೆಳೆದದ್ದು ಒಂದೇ ಕೋಣೆಯಲ್ಲಿ. ಅವ್ವ ಸತ್ತಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನೈದು. ಅಪ್ಪನ ಸುದ್ದಿ ಅದಕ್ಕೂ ಮೊದಲೇ ಮುಗಿದಿತ್ತು. ಅಕ್ಕನ ಹೆಸರು ಕಾಶವ್ವ. ಅವಳು ಕೌದಿ ಹೊಲಿಯುತ್ತಿದ್ದಳು. ಜನ ತಮ್ಮ ಹಳೆಯ ಸೀರೆ, ಧೋತರ, ಅಂಗಿಗಳನ್ನು ಗಂಟು ಕಟ್ಟಿ ತಂದುಕೊಡುತ್ತಿದ್ದರು. ಅಕ್ಕ ಅವನ್ನು ತುಂಡು ಮಾಡಿ, ತುಂಡಿಗೆ ತುಂಡು ಸೇರಿಸಿ ಹೊಲಿದು ಕೊಡುತ್ತಿದ್ದಳು. ಬೇರೆ ಊರಿನಲ್ಲಿ ಕೌದಿ ಹೊಲಿದ ದಿನ ಹೇಗಿರುತ್ತದೋ ಹಾಗೆಯೇ ಹರಿಯುವ ದಿನವೂ ಇರುತ್ತದಂತೆ. ನಮ್ಮಲ್ಲಿ ಹಾಗಲ್ಲ. ಹೊದೆಯಲು ಶುರುಮಾಡಿ ಮೂರು ತಿಂಗಳಾದ ಮೇಲೆ ತುಂಡಿನಿಂದ ತುಂಡಿಗೆ ಎಲ್ಲವೂ ಹರಿದಾಡಿ ಕೌದಿ ಹಣ್ಣಾಗುತ್ತದೆ. "ಕಾಶವ್ವನ ಕೌದಿ ಹಣ್ಣಾತು ಅಂದ್ರ ಅದರೊಳಗ ಮಲಗಾಕ ಮನಸಾಗೂದಿಲ್ಲ, ನೋಡಕೋತ ಕುಂದರಬೇಕ ಅನಸ್ತೈತಿ," ಎನ್ನುತ್ತಿದ್ದರು ಜನ.

ಇದ್ದದ್ದು ಒಂದು ಟ್ರಂಕು. ಅದರಲ್ಲಿ ನನ್ನ ಲಂಗ, ಅವಳ ಸೀರೆ, ಅವ್ವನ ಉಳಿದ ಎರಡು ಜಂಪರು ಎಲ್ಲ ಒಟ್ಟಿಗೆ. ನಮ್ಮ ಬಟ್ಟೆಗಳಲ್ಲಿ ಯಾವ ಚಿತ್ತಾರ ಯಾವುದರದ್ದು ಎಂದು ದೇವರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು "ಕಲಸನ್ನ" ಎಂದು ಕರೆಯುತ್ತಿದ್ದರು. ನಾನು ಅಳುತ್ತ ಬಂದರೆ ಅಕ್ಕ ನಗುತ್ತಿದ್ದಳು. "ಕಲಸನ್ನಕ್ಕ ರುಚಿ ಇರತೈತಿ, ಅವರಿಗೇನ ಗೊತ್ತು?" ಎನ್ನುತ್ತಿದ್ದಳು.

ಅಕ್ಕನದು ಬಡತನದ ಕಲಬೆರಕೆಯಷ್ಟೇ ಆಗಿರಲಿಲ್ಲ. ಅವಳಿಗೆ ಅದು ಆಟ. ಬೆಳಿಗ್ಗೆ ಎದ್ದು ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಇವತ್ತ ಯಾರ ಯಾರನ್ನ ಕೂಡಿಸೋಣು?" ಎಂದು ನನ್ನನ್ನೇ ಕೇಳುತ್ತಿದ್ದಳು. ಅವಳಲ್ಲಿ ಅದಕ್ಕೊಂದು ಲೆಕ್ಕಾಚಾರವಿತ್ತು. ದೊಡ್ಡ ಹೂವಿನ ಸೀರೆಗೆ ಸಣ್ಣ ಚುಕ್ಕಿಯ ಜಂಪರು. "ದೊಡ್ಡದರ ಕೂಡ ದೊಡ್ಡದ ಹಾಕಬ್ಯಾಡ, ಇಬ್ಬರೂ ಗೌಡರ ಒಂದ ಪಂಚಾಯ್ತಿಯಾಗ ಕುಂತಂಗ ಆಗತೈತಿ. ಪಟ್ಟಿ ಇದ್ರ ಭೇಶ್, ಪಟ್ಟಿ ಯಾರ ಕೂಡನೂ ಹೊಂದಿಕೊಂಡ ಹೋಗತೈತಿ. ಚೌಕಡಿ ಸ್ವಲ್ಪ ಹಟಮಾರಿ, ಅದರ ಕೂಡ ಎಲಿ, ಬಳ್ಳಿ ಹಾಕು. ಮತ್ತ ಎಲ್ಲಾಕಿಂತ ಮುಖ್ಯ ಏನಂದ್ರ, ಎರಡೂ ಒಳಗ ಒಂದ ಬಣ್ಣ ಆದ್ರೂ ಕೂಡಿರಬೇಕ. ಮಾತ ಶುರು ಮಾಡಾಕ ಏನರೆ ಬೇಕಲ್ಲ?" ಸಂಜೆ ದೀಪ ಹಚ್ಚಿದ ಮೇಲೆ ಸೆರಗನ್ನು ಬೆಳಕಿಗೆ ಹಿಡಿದು ಯಾವುದು ಎಲ್ಲಿಗೆ ಹೋಗಿದೆ ಎಂದು ಇಬ್ಬರೂ ನೋಡುತ್ತಿದ್ದೆವು. ಒಮ್ಮೆ ಒಂದು ಸಣ್ಣ ಗಿಣಿ ನನ್ನ ಲಂಗದಿಂದ ಅವಳ ಪಟ್ಟೆ ಜಂಪರಿಗೆ ಹೋಗಿ ಗೆರೆಯ ಮೇಲೆ ಕೂತಿತ್ತು. ತಂತಿಯ ಮೇಲೆ ಕೂತ ಹಾಗೆ. ಆ ಜಂಪರನ್ನು ಒಂದು ವಾರ ಅವಳು ಒಗೆಯಲೇ ಇಲ್ಲ.

ನನಗೆ ಮಾತ್ರ ಒಂದು ಶುದ್ಧ ಸೀರೆ ಬೇಕಿತ್ತು. ಒಂದೇ ಚಿತ್ತಾರ, ಅಂಚಿನಿಂದ ಅಂಚಿಗೆ. ಆ ಆಸೆಯನ್ನು ನಾನು ಅಕ್ಕನಿಗೆ ಹೇಳಲಿಲ್ಲ, ಅವಳಿಗೆ ಗೊತ್ತಿರದೆಯೂ ಇರಲಿಲ್ಲ.

ನನ್ನ ಅತ್ತೆ ನೀಲಗಂಗಮ್ಮನವರು ಕೌದಿ ಒಯ್ಯಲು ನಮ್ಮ ಕೋಣೆಗೆ ಬಂದವರು ನನ್ನನ್ನು ನೋಡಿ ಒಪ್ಪಿಕೊಂಡರು. ಅವರ ಮನೆಯಲ್ಲಿ ಐದು ಕಪಾಟುಗಳಿದ್ದವು. ಅತ್ತೆಯದು ಕೆಂಪಿನ ಮೇಲೆ ಅಂಗೈ ಅಗಲದ ಮಾವಿನಕಾಯಿ. ನನಗೆ ನೀಲಿಯ ಮೇಲೆ ಮಲ್ಲಿಗೆ ಮೊಗ್ಗು ಕೊಟ್ಟರು. ಮದುವೆಯಾದ ಹೊಸದರಲ್ಲಿ ನಾನು ಕನ್ನಡಿಯ ಮುಂದೆ ನಿಂತು ಮೊಗ್ಗುಗಳ ಸಾಲುಗಳನ್ನು ನೋಡಿದ್ದೇ ನೋಡಿದ್ದು. ಒಂದೂ ಅಲುಗದಂತೆ ಓಡಾಡಿದೆ. ಗಂಡ ಶಂಭುಲಿಂಗ ಹತ್ತಿರ ಬಂದರೂ, "ಅಂಗಿ ತಗದ ಬರ್ರಿ," ಎನ್ನುತ್ತಿದ್ದೆ. ಅವರು ಅದನ್ನು ಬೇರೆ ರೀತಿ ತಿಳಿದುಕೊಂಡು ಖುಷಿಪಡುತ್ತಿದ್ದರು, ಅದು ಬೇರೆ ಮಾತು.

ನಾನಾಗ ಏಳು ತಿಂಗಳ ಬಸುರಿ. ಅವತ್ತು ಪಡಸಾಲೆಯಲ್ಲಿ ಬಟ್ಟೆ ಅಂಗಡಿಯವರ ಮನೆಯ ಇಂದುಮತಿಬಾಯಿ ಬಂದು ಕೂತಿದ್ದರು. ಊರಲ್ಲಿ ಅವರ ನವಿಲಿನ ಸೀರೆಗೆ ಸಮನಾದ ಶುದ್ಧ ಚಿತ್ತಾರ ಇನ್ನೊಂದಿಲ್ಲವೆಂದು ಹೆಸರು. ಅವರು ನಮ್ಮ ಮನೆಗೆ ಬಂದದ್ದೇ ಮೊದಲ ಸಲ. ನಾನು ನಡುಬಟ್ಟೆ ಕೊಟ್ಟಿದ್ದೆ, ಅವರು ಹೊದ್ದು ಕೂತು, "ಭಾಳ ಬೆಳ್ಳಗ ಒಗದೀರಿ," ಎಂದು ಹೊಗಳಿದ್ದರು. ಅತ್ತೆ ಒಳಗೆ ಚಹಾ ಮಾಡುತ್ತಿದ್ದರು. ಅಷ್ಟರಲ್ಲಿ ಅಕ್ಕ ಬಂದಳು.

ಹಳದಿ ಸೀರೆಯಲ್ಲಿ ಸೂರ್ಯಕಾಂತಿ, ಕೆಂಪು ಪಟ್ಟೆಯ ಜಂಪರು, ಹೆಗಲ ಮೇಲೆ ಹಸಿರು ಚೌಕಡಿಯ ವಸ್ತ್ರ. ಮೂರೂ ಒಂದರೊಳಗೊಂದು ಇಳಿದು ಚೌಕಡಿಯ ಒಂದೊಂದು ಮನೆಯಲ್ಲಿ ಒಂದೊಂದು ಎಸಳು. ಸೆರಗಿನ ತುದಿಗೆ ಸೂಜಿ ಚುಚ್ಚಿಕೊಂಡಿದ್ದಳು, ದಾರ ಜೋತಾಡುತ್ತಿತ್ತು. ನನ್ನ ಸೀಮಂತದ ಕುಬಸಕ್ಕೆ ದಿನ ಗೊತ್ತುಮಾಡಲು, ಬಾಣಂತನಕ್ಕೆ ತನ್ನಲ್ಲಿಗೆ ಕರೆಯಲು ಬಂದಿದ್ದಳು. ನನ್ನ ಪಕ್ಕಕ್ಕೆ ಜಮಖಾನೆಯ ಮೇಲೆ ಕೂರಲು ಬಗ್ಗಿದಳು.

ಇಂದುಮತಿಬಾಯಿಯ ಕಣ್ಣು ಅಕ್ಕನ ಸೀರೆಯ ಮೇಲೆ ಓಡಿದ್ದನ್ನು ನಾನು ನೋಡಿದೆ. ನನ್ನ ಕೈ ತಾನಾಗಿ ಗೂಡಿಗೆ ಹೋಯಿತು. ತಾನಾಗಿ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡೆ. ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ.

ಅಕ್ಕ ಕೇಳಿದಳು, ನಾನು ಹೂಂ ಎಂದೆ, ಅವಳು ಹೊದ್ದುಕೊಂಡಳು. ಅಕ್ಕಾ ಎಂದು ನಾವು ತರಕಾರಿ ಮಾರುವವಳನ್ನೂ ಕರೆಯುತ್ತೇವಲ್ಲ, ಕೇಳಿದವರಿಗೆ ಒಡಹುಟ್ಟಿದವಳೆಂದು ಅದರಿಂದ ತಿಳಿಯುವುದಿಲ್ಲ. ಇಂದುಮತಿಬಾಯಿ ನಡುಬಟ್ಟೆಯನ್ನು ನೋಡಿದರು, ಸೂಜಿಯನ್ನು ನೋಡಿದರು.

"ಯಾರ ಈಕಿ? ಕೌದಿ ಹೊಲಿಯಾಕಿ ಏನ?"

ನಾನು ಬಾಯಿ ತೆರೆದೆ. ಆದರೆ ಅಕ್ಕನೇ ಮೊದಲು ಉತ್ತರ ಕೊಟ್ಟಳು. "ಹೂನ್ರಿ ಬಾಯಾರ. ಕೌದಿ ಹೊಲೀತೀನ್ರಿ."

"ಚಲೋ ಆತು ನೋಡು. ಥಂಡಿ ದಿನಕ್ಕ ನಮಗೂ ಎರಡ ಬೇಕಾಗಿದ್ದುವು. ಆದ್ರ ನಮ್ಮಲ್ಲಿ ಕಲಸೂದು ನಡಿಯೂದಿಲ್ಲವಾ. ತುಂಡ ತುಂಡಿನ ನಡುವ ಬಿಳೀ ಪಟ್ಟಿ ಕೊಟ್ಟ ಹೊಲೀಬೇಕ. ಹೊಲಿಯೂ ಮುಂದ ನೀನೂ ಈಗ ಹೊಚ್ಚಿಗೊಂಡೀ ಅಲ್ಲ, ಹಿಂಗ ಹೊಚ್ಚಿಗೊಂಡ ಹೊಲಿ."

"ಆತ್ರಿ," ಎಂದಳು ಅಕ್ಕ. "ಬಟ್ಟಿ ಯಾವಾಗ ಕೊಡತೀರಿ?"

ಅತ್ತೆ ಚಹಾದ ತಾಟು ಹಿಡಿದು ಬಂದವರು ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತರು. ನನ್ನ ಮುಖ ನೋಡಿ, ಎಲ್ಲರಿಗೂ ಚಹಾ ಕೊಟ್ಟರು. ಅಕ್ಕ ಚಹಾ ಕುಡಿದಳು, ನಡುಬಟ್ಟೆಯನ್ನು ಮೊದಲಿನ ಗೆರೆಗಳ ಮೇಲೆಯೇ ಮಡಚಿ ಗೂಡಿನಲ್ಲಿಟ್ಟಳು, "ಬರ್ತೀನ್ರಿ," ಎಂದು ಎಲ್ಲರಿಗೂ ಒಟ್ಟಿಗೆ ಹೇಳಿ ಹೋದಳು. ಕುಬಸದ ಮಾತೂ ಇಲ್ಲ, ಬಾಣಂತನದ ಮಾತೂ ಇಲ್ಲ.

ಇಂದುಮತಿಬಾಯಿ ಹೋದ ಮೇಲೆ ಅತ್ತೆ ಕೇಳಿದರು. "ಕಾಶವ್ವಗ ನಡುಬಟ್ಟಿ ಯಾರ ಕೊಟ್ರು?"

"ನಾನರಿ."

"ಒಡಹುಟ್ಟಿದಾಕಿಗೆ?"

"ಇಂದುಮತಿಬಾಯಿ ಇದ್ರಲ್ರಿ ಅತ್ತಿ. ಅವರ ಮುಂದ..."

"ಇದ್ರ ಇರಲಿ! ಆಕಿ ಇವತ್ತ ಬರತಾಳ, ನಾಳೆ ಬ್ಯಾರೆ ಮನಿಗೆ ಹೋಗತಾಳ. ನನಗ ಹೇಳಿದ್ರ ನಾ ಬಂದ ನಿಮ್ಮಕ್ಕನ ಬಾಜೂಕ ಕುಂದರತಿದ್ನೆಲ್ಲಬೇ. ಒಂದ ಸೀರಿ ಕೆಟ್ರ ಕೆಡತಿತ್ತು." ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ಈಗ ಹೋಗು. ಇನ್ನೂ ಓಣಿ ದಾಟಿರೂದಿಲ್ಲ. ಕೈ ಹಿಡದ ಕರಕೊಂಡ ಬಾ."

"ಹೊಟ್ಟಿ ಭಾರ ಆಗೇತ್ರಿ. ನಾಳೆ ಹೋಗತೀನಿ," ಎಂದೆ.

ನಾಳೆ ಹೋಗಲಿಲ್ಲ. ನಾಡಿದ್ದು ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ಅಕ್ಕನೇ ಬಂದಳು. ನನಗೆ ಎಷ್ಟು ನಿರಾಳವಾಯಿತೆಂದರೆ ಅಳು ಬಂತು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಚೀಲದಿಂದ ಒಂದು ಬಿಳಿಯ ಬಟ್ಟೆ ತೆಗೆದು, ಜಾಡಿಸಿ, ಹೊದ್ದುಕೊಂಡು ಕೂತಳು. ಅವಳದೇ ನಡುಬಟ್ಟೆ. ಅಂಚು ಮಡಚಿ ಚೆಂದವಾಗಿ ಹೊಲಿದುಕೊಂಡಿದ್ದಳು.

"ಇದ್ಯಾಕ ಅಕ್ಕಾ?" ಎಂದೆ.

"ಇರಲಿ. ನಿಮ್ಮವು ಪಾಪ, ಗಂಜಿ ಹಾಕಿದ್ದು. ಯಾಕ ಹೊಲಸ ಮಾಡೂದು?" ಎಂದಳು. ಆಮೇಲೆ ನನ್ನ ಕಾಲು ಬಾತಿದ್ದರ ಬಗ್ಗೆ, ಅಜವಾನದ ಬಗ್ಗೆ, ಪಕ್ಕದ ಮನೆಯವಳ ಕೋಳಿ ತನ್ನ ಹಾಸಿಗೆಯಲ್ಲಿ ಮೊಟ್ಟೆಯಿಟ್ಟದ್ದರ ಬಗ್ಗೆ ಮಾತಾಡಿದಳು. ಹೊಟ್ಟೆ ಹುಣ್ಣಾಗುವಂತೆ ನಗಿಸಿದಳು. ಬಾಣಂತನಕ್ಕೆ ಮಾತ್ರ, "ನಮ್ಮಲ್ಲಿ ಜಾಗಾ ಎಲ್ಲೈತಿ? ಇಲ್ಲೆ ಆಗಲಿ," ಎಂದಳು. ನನ್ನ ಮನಸ್ಸಿನ ಒಂದು ಮೂಲೆಗೆ ಅದರಿಂದ ಸಮಾಧಾನವಾಯಿತು. ಅದನ್ನೂ ಬರೆದುಬಿಡುತ್ತೇನೆ.

ಮಗಳು ಹುಟ್ಟಿದಾಗ ಅಕ್ಕ ಅವಳನ್ನು ಎತ್ತಿಕೊಂಡದ್ದು ನಡುಬಟ್ಟೆಯ ಮೇಲೆ. ತೊಟ್ಟಿಲು ತೂಗಿದ್ದು, ಎಣ್ಣೆ ಹಚ್ಚಿದ್ದು, ಜ್ವರ ಬಂದಾಗ ಇಡೀ ದಿನ ಹೆಗಲ ಮೇಲೆ ಹಾಕಿಕೊಂಡು ತಿರುಗಾಡಿದ್ದು ಎಲ್ಲ ಅದನ್ನು ಹೊದ್ದೇ. ಮೂರು ವರ್ಷದವಳಾದಾಗ ಮಗಳು ಆ ಬಟ್ಟೆಯ ತುದಿಯನ್ನು ಎತ್ತಿ ಒಳಗೆ ಇಣುಕಲು ನೋಡಿದಳು. "ದೊಡ್ಡವ್ವಾ, ಒಳಗ ಏನೈತಿ?"

"ಒಳಗ ಗುಮ್ಮ ಐತಿ," ಎಂದು ಅಕ್ಕ ಬಟ್ಟೆಯನ್ನು ಕೆಳಗೆ ಎಳೆದುಕೊಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗಲೇ ಹೇಳಬಹುದಿತ್ತು. "ಅಕ್ಕಾ, ಅದನ್ನ ತಗೀ," ಎಂದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಆ ದಿನವನ್ನು ಹೆಸರು ಹಿಡಿದು ಕರೆದಂತಾಗುತ್ತದೆ, ಅವಳು ಮರೆತಿದ್ದರೆ ನಾನೇ ನೆನಪಿಸಿದಂತಾಗುತ್ತದೆ ಎಂದುಕೊಂಡೆ. ಅವಳ ಕೋಣೆಗೆ ನಾನೇ ಹೋಗಬಹುದಿತ್ತು. ಎರಡು ಓಣಿಗಳಾಚೆ. ಸಂತೆಗೆ ಹೋದೆ, ದವಾಖಾನೆಗೆ ಹೋದೆ, ಪರಊರ ಮದುವೆಗಳಿಗೆ ಹೋದೆ. ಎಂಟು ವರ್ಷದಲ್ಲಿ ಆ ಎರಡು ಓಣಿಗಳನ್ನು ಮಾತ್ರ ದಾಟಲಾಗಲಿಲ್ಲ.

ಹೋದ ತಿಂಗಳು ಮೆಣಸಿನಕಾಯಿ ಆರಿಸುವಾಗ ಬಜಾರಿನಲ್ಲಿ ಇಂದುಮತಿಬಾಯಿ ಸಿಕ್ಕರು. ಅದೂ ಇದೂ ಮಾತಾಡಿ, "ನಿಮ್ಮ ಮನಿಗೆ ಬರತಾಳಲ್ಲ ಆ ಕೌದಿಯಾಕಿ, ಈಗ ಪೂರಾ ಸಾದಾ ಉಡಾಕ ಹತ್ಯಾಳ ನೋಡ್ರಿ. ಸೀರೀನೂ ಸಾದಾ, ಜಂಪರೂ ಸಾದಾ. ಭಾಳ ಶಾಣ್ಯಾಕಿ," ಎಂದರು.

ಅಕ್ಕ ನಮ್ಮ ಮನೆಗೆ ಬರದೆ ಎರಡು ತಿಂಗಳಾಗಿತ್ತು, ನನಗಿದು ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಸಾದಾ ಉಡುವವರು ಎರಡೇ ಬಗೆ. ಸೂತಕದವರು, ಅದೂ ಹನ್ನೊಂದು ದಿನ. ಇಲ್ಲವೆಂದರೆ ಇನ್ನು ಯಾರಿಂದಲೂ ಏನೂ ಬೇಡ, ಯಾರಿಗೂ ಏನೂ ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದವರು.

"ಆಕಿ ನಮ್ಮಕ್ಕ ರೀ," ಎಂದೆ. "ಒಡಹುಟ್ಟಿದ ಅಕ್ಕ."

"ಅಯ್ಯ, ಹೌದೇನ? ಮತ್ತ ಅವತ್ತ ನೀವು..." ಎಂದು ಇಂದುಮತಿಬಾಯಿ ಅರ್ಧಕ್ಕೆ ನಿಲ್ಲಿಸಿದರು. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಈ ಮೆಣಸಿನಕಾಯಿ ಖಾರ ಅದಾವೇನ?" ಎಂದು ಮಾರುವವಳ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಅತ್ತೆಯ ಮುಂದೆ ನಿಂತು, "ನಿಮ್ಮ ಮಾವಿನಕಾಯಿ ಸೀರಿ ಕೊಡ್ರಿ," ಎಂದೆ.

"ಯಾಕ?"

"ಅಕ್ಕನ ಮನಿಗೆ ಹೊಂಟೀನಿ. ನನ್ನ ಮೊಗ್ಗಿನ ಜಂಪರಿನ ಮ್ಯಾಲ ಉಡತೀನಿ."

ಅತ್ತೆಗೆ ಈಗ ಮಂಡಿನೋವು, ಎದ್ದು ಓಡಾಡುವುದು ಕಷ್ಟ. ಆದರೂ ತಾವೇ ಎದ್ದು ಕಪಾಟು ತೆರೆದು ಎಲ್ಲಕ್ಕಿಂತ ಮೇಲಿನ ಸೀರೆ ತೆಗೆದುಕೊಟ್ಟರು. "ಕಲಸಿಗೊಂಡ ಬಾ. ತಿರಗಿ ಕೊಡಬ್ಯಾಡ," ಎಂದರು.

ಅಕ್ಕನ ಕೋಣೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಕೂತು ಕೌದಿ ಹೊಲಿಯುತ್ತಿದ್ದಳು. ಬೂದು ಬಣ್ಣದ ಸಾದಾ ಸೀರೆ, ಬೂದು ಜಂಪರು. ತೊಡೆಯ ಮೇಲೆ ಹರಡಿದ ಕೌದಿಯಲ್ಲಿ ಪ್ರತಿಯೊಂದು ತುಂಡಿನ ಸುತ್ತಲೂ ಬಿಳಿಯ ಪಟ್ಟಿ, ಒಂದರ ಉಸಿರು ಇನ್ನೊಂದಕ್ಕೆ ತಾಗದ ಹಾಗೆ. ನನ್ನನ್ನು ನೋಡಿ ಸೂಜಿ ನಿಲ್ಲಿಸಿದಳು. ಸೀರೆ ನೋಡಿದಳು, ಜಂಪರು ನೋಡಿದಳು, ಅವಳ ತುಟಿ ಕೊಂಕಿತು.

"ದೊಡ್ಡದಕ್ಕ ಸಣ್ಣದು, ನೆನಪಿಟ್ಟಿ. ಬಣ್ಣ ಮರತಿ. ಕೆಂಪಿಗೂ ನೀಲಿಗೂ ನಡುವ ಏನೂ ಇಲ್ಲಲ್ಲಬೇ."

"ಅವಸರದಾಗ ಬಂದೆ."

"ಎಂಟ ವರ್ಷಕ್ಕೊಮ್ಮೆ ಬರಾಕ ಅವಸರ ಬ್ಯಾರೆ," ಎಂದು ನಕ್ಕಳು. ನಾನು ಚಾಪೆಯ ಮೇಲೆ ಅವಳ ಪಕ್ಕಕ್ಕೆ ಹೋಗಿ ಕೂತೆ. ನನ್ನ ತೋಳು ಅವಳ ತೋಳಿಗೆ, ನನ್ನ ತೊಡೆ ಅವಳ ತೊಡೆಗೆ. ಅವಳು ಸರಿಯಲಿಲ್ಲ. ಹೊಲಿಯುತ್ತಲೇ ಇದ್ದಳು. ಸೂಜಿ ಎಳೆದಾಗಲೆಲ್ಲ ಅವಳ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ಚಿಕ್ಕವಳಿದ್ದಾಗ ಹಾಗೆಯೇ ತಾಗಿಸಿಕೊಂಡು ನಾನು ನಿದ್ದೆ ಹೋಗುತ್ತಿದ್ದೆ.

ಬಹಳ ಹೊತ್ತಾದ ಮೇಲೆ ಕೇಳಿದೆ. "ಸಾದಾ ಯಾಕ ಅಕ್ಕಾ?"

"ಅನುಕೂಲ ಆಗತೈತಿ."

"ನಿಜ ಹೇಳು."

"ನಿಜಾನ ಹೇಳಾಕ ಹತ್ತೀನಿ. ಆ ಬಾಯಾರು ಎರಡ ಕೌದಿ ಹಚ್ಚಿದ್ರಲ್ಲ, ಅವನ್ನ ನೋಡಿ ಅವರ ಬಳಗದವರು ಹಚ್ಚಿದ್ರು. ಎಲ್ಲಾರೂ ನಡುಬಟ್ಟಿ ಹೊಚ್ಚಿಗೊಂಡ ಹೊಲಿ ಅನ್ನಾವರ. ಕೌದಿಯೊಳಗ ಕಾಶವ್ವನ ಹೂ ಬರಲಿ ಅಂತ ಕೇಳತಿದ್ದ ಮಂದೀನ ಆಮ್ಯಾಲ, ಬ್ಯಾಡವಾ, ದೊಡ್ಡ ಮನಿಯಾಗ ಹೊಚ್ಚಿಗೊಂಡ ಹೊಲೀತೀಯಂತ, ನಮಗೂ ಹಂಗ ಹೊಲಿ ಅಂದ್ರು. ಬ್ಯಾಸಿಗ್ಯಾಗ ಇಡೀ ದಿನ ಅದನ್ನ ಹೊಚ್ಚಿಗೊಂಡ್ರ ಬೆವರಿ ಬೆವರಿ ಸಾಕಾಗತಿತ್ತು. ಒಂದ ದಿನ ಅನಸ್ತು, ಒಳಗೊಂದು ಹೊರಗೊಂದು ಎದಕ್ಕ? ಒಂದ ಸಾದಾ ಸೀರಿ ಉಟ್ರ ಮುಗೀತಲ್ಲ." ದಾರ ಕಡಿದಳು. "ಸುಖ ಐತಿ ಸುಗಂದಿ. ಬೆಳಿಗ್ಗೆ ಎದ್ದ ಕೂಡಲೆ ಏನ ಉಡಲಿ ಅಂತ ವಿಚಾರ ಮಾಡೂದ ಇಲ್ಲ."

ಅವಳ ಮಾತಿನಲ್ಲಿ ಒಂದು ಚೂರೂ ಚುಚ್ಚುವಂಥದ್ದು ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು.

"ಅವತ್ತ ನಾ ತಪ್ಪ ಮಾಡಿದೆ ಅಕ್ಕಾ," ಎಂದೆ. ಎಂಟು ವರ್ಷ ಒಳಗಿಟ್ಟ ಮಾತು ಹೊರಬಂದಾಗ ಇಷ್ಟು ಸಣ್ಣದಾಗಿತ್ತು.

ಅಕ್ಕ ಯಾವತ್ತು ಎಂದು ಕೇಳಲಿಲ್ಲ. "ಕೊಡೂ ಮುಂದ ಮಡಿಕಿ ನನ್ನ ಕಡೆ ಮಾಡಿ ಎರಡೂ ಕೈಲೆ ಕೊಟ್ಟಿ. ಏನ ಚಂದ ಕಲತಾಳ ಹುಡುಗಿ ಅನಸ್ತು," ಎಂದಳು. ಸೂಜಿಗೆ ಹೊಸ ದಾರ ಪೋಣಿಸುತ್ತ, "ಹೊಚ್ಚಿಗೋಬೇಕೇನ ಅಂತ ಕೇಳಿದ್ದು ನೀ ಬ್ಯಾಡ ಅಂತೀ ಅಂತ. ಬ್ಯಾರೆ ಯಾಕೂ ಅಲ್ಲ," ಎಂದಳು.

ನನಗೆ ಅಳು ಬಂತು. ಅವಳು ನನ್ನನ್ನು ಅಳಲು ಬಿಟ್ಟಳು, ಸುಮ್ಮನಿರು ಎನ್ನಲಿಲ್ಲ. ಹೊರಗೆ ಓಣಿಯಲ್ಲಿ ಯಾರೋ ಹುಣಸೆಹಣ್ಣು ಎಂದು ಕೂಗುತ್ತ ಹೋದರು. ಮಧ್ಯಾಹ್ನ ಇಳಿಯುತ್ತ ಬಂತು. ನನ್ನ ಜಂಪರಿನ ಎರಡು ಮೊಗ್ಗು ಅತ್ತೆಯ ಸೀರೆಗೆ ಇಳಿದಿದ್ದವು. ಒಂದು ಮಾವಿನಕಾಯಿ ತೋಳಿಗೆ ಏರಿತ್ತು. ಅಕ್ಕನ ಕಡೆಯ ಮಗ್ಗುಲಲ್ಲಿ, ಅರ್ಧ ದಿನ ಅವಳಿಗೆ ಒತ್ತಿಕೊಂಡಿದ್ದ ಕಡೆ, ಏನೂ ಬಂದಿರಲಿಲ್ಲ. ಬರಲು ಅವಳಲ್ಲಿ ಏನೂ ಇರಲಿಲ್ಲ.

"ಹಳೇದ ಒಂದ ಉಟ್ಕೊ ಅಕ್ಕಾ. ಇವತ್ತೊಂದ ದಿನ. ಸೂರ್ಯಕಾಂತೀದು. ನಾ ರಾತ್ರಿತನಕ ಇರತೀನಿ."

"ಎಲ್ಲೈತಿ? ಬಾಂಡೆ ಮಾರಾಕಿ ಒಯ್ದಳು. ಹದಿನಾಲ್ಕ ಸೀರಿಗೆ ಅದನ ಕೊಟ್ಟಳು," ಎಂದು ಒಲೆಯ ಪಕ್ಕದಲ್ಲಿ ಬೋರಲು ಹಾಕಿದ್ದ ಸ್ಟೀಲಿನ ಬೋಗುಣಿಯನ್ನು ಗದ್ದದಿಂದಲೇ ತೋರಿಸಿದಳು. "ಕೈಯಾಗ ಹಿಡದ ಅವನ್ನೆಲ್ಲಾ ನೋಡಿದಳು ಪಾಪ. ಬಾಯಿ, ಇವುದರಾಗ ನಿಮ್ಮದ ಯಾವುದು, ಮಂದೀದು ಯಾವುದು ಅಂದಳು. ನನಗ ಹೇಳಾಕ ಆಗಲಿಲ್ಲ."

ಟ್ರಂಕು ಅದೇ ಜಾಗದಲ್ಲಿತ್ತು. ನಾನು ಅದನ್ನು ತೆರೆದು ನೋಡಲಿಲ್ಲ.

"ಚಹಾ ಮಾಡತೀನಿ," ಎಂದು ಅಕ್ಕ ಕೌದಿಯನ್ನು ಬದಿಗಿಟ್ಟು ಎದ್ದಳು. ಒಲೆ ಹಚ್ಚಿ ಪಾತ್ರೆ ಇಟ್ಟು, ನನ್ನ ಕಡೆ ತಿರುಗಿದಳು. "ಸಕ್ಕರಿ ಎಷ್ಟ ಹಾಕಲಿ?"

"ನಿನಗ ಗೊತ್ತಿಲ್ಲೇನ ಅಕ್ಕಾ?"

"ಎಂಟ ವರ್ಷ ಆತಲ್ಲ ನನ್ನ ಕೈಯಾಗಿನ ಚಹಾ ಕುಡದು. ಬದಲಾಗಿದ್ರ ಅಂತ ಕೇಳಿದೆ."

"ಎರಡ ಚಮಚಾ," ಎಂದೆ.

ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಅವಳು ಒಮ್ಮೆ ತಿರುವಿ ನೋಡಿ, ಆಗದೆ, ನನ್ನ ಕಡೆ ಚಾಚಿದಳು. ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತು ಸೆರಗಿನಿಂದ ಹಿಡಿದು ಬಲವಾಗಿ ತಿರುವಿದೆ. ಮುಚ್ಚಳ ಒಮ್ಮೆಲೇ ಕಿತ್ತುಬಂದು ಸಕ್ಕರೆಯೆಲ್ಲ ಇಬ್ಬರ ಮೈಮೇಲೂ ಚೆಲ್ಲಿತು. ಅಕ್ಕ ಡಬ್ಬಿಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. ಆಮೇಲೆ ತನ್ನ ಮೈಮೇಲಿನದನ್ನು ಹಾಗೆಯೇ ಬಿಟ್ಟು, ನನ್ನ ಹೆಗಲಿನಿಂದ ನೆರಿಗೆಯವರೆಗೆ, ಒಂದು ಹರಳೂ ಉಳಿಯದ ಹಾಗೆ, ಅಂಗೈಯಿಂದ ಜಾಡಿಸತೊಡಗಿದಳು.